ಮನೆಯೊಳಗೆ ಸಿಗುವ ನ್ಯಾಸ್ ಹೊರಗಿನಿಂದೇಕೆ ಸಿಗದು?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸಂಕಟದವು. ರೂಟರ್ ಪಕ್ಕದಲ್ಲಿ ಕೂತು ಮನೆಮಂದಿಯ ಫೋಟೊ, ವಿಡಿಯೊ, ಕಾಗದಪತ್ರಗಳನ್ನೆಲ್ಲ ಕಾಯುವ ಹಾರ್ಡ್‌ಡಿಸ್ಕ್ ಪೆಟ್ಟಿಗೆ, ಅಂದರೆ ನ್ಯಾಸ್, ಮನೆಯ ವೈಫೈನಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ. ಹೊಸಿಲು ದಾಟಿದರೆ ಸಿಗುವುದಿಲ್ಲ. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇನೆ. ಬರೆದವರ ಹೆಸರು, ಊರು ಬಿಟ್ಟಿದ್ದೇನೆ. ಯಾರ ಮನೆಯ ನೆಟ್‌ವರ್ಕ್ ಹೇಗಿದೆ ಎಂಬುದು ಅಚ್ಚಾಗಬೇಕಾದ ಸಂಗತಿಯಲ್ಲ.

ಪ್ರಶ್ನೆ: ಫೋಟೊಗ್ರಫಿ ನನ್ನ ವೃತ್ತಿ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಂಡು, ಅಂದರೆ ಹೊರಗಿನಿಂದ ಒಂದು ಪೋರ್ಟ್‌ಗೆ (ಸಂಖ್ಯೆ ಹಾಕಿದ ಬಾಗಿಲಿಗೆ) ಬಂದ ಕರೆ ನ್ಯಾಸ್‌ಗೆ ಹೋಗುವಂತೆ ಮಾಡಿ, ಎಲ್ಲಿಂದ ಬೇಕಾದರೂ ನ್ಯಾಸ್ ತೆರೆಯುತ್ತಿದ್ದೆ. ಇಂಟರ್ನೆಟ್ ಕಂಪನಿ ಬದಲಿಸಿದ ಮೇಲೆ ಮನೆಯಲ್ಲಿ ಎಲ್ಲ ಸರಿಯಿದೆ, ಹೊರಗೆ ಹೋದರೆ ತುಂಬಾ ಹೊತ್ತು ಸುತ್ತಿ ‘ಟೈಮ್ಡ್ ಔಟ್’ ಎನ್ನುತ್ತದೆ. ಅದೇ ಪೋರ್ಟ್, ಅದೇ ಸೆಟ್ಟಿಂಗ್ಸ್. ನ್ಯಾಸ್ ರಿಸೆಟ್ ಕೂಡ ಮಾಡಿ ನೋಡಿದೆ. ರೂಟರ್ ಪುಟದ ಚಿತ್ರ ಲಗತ್ತಿಸಿದ್ದೇನೆ.

ದಯವಿಟ್ಟು ನ್ಯಾಸ್ ಅನ್ನು ಇನ್ನೊಮ್ಮೆ ರಿಸೆಟ್ ಮಾಡಬೇಡಿ. ಅದರದ್ದೇನೂ ತಪ್ಪಿಲ್ಲ, ಅದರೊಳಗೆ ನಿಮ್ಮ ಜೀವನೋಪಾಯ ಇದೆ. ಉತ್ತರ ನೀವು ಕಳಿಸಿದ ಚಿತ್ರದಲ್ಲೇ ಇದೆ. ಸ್ಟೇಟಸ್ ಪುಟದಲ್ಲಿ ‘ವ್ಯಾನ್ ಐಪಿ’, ಅಂದರೆ ರೂಟರ್‌ನ ಹೊರಮುಖದ ವಿಳಾಸ, ಅನ್ನುವ ಸಾಲು ನೋಡಿ. ಅದರ ಎದುರಿಗಿರುವ ಸಂಖ್ಯೆ 100.81 ಎಂದು ಶುರುವಾಗುತ್ತದೆ. ಈಗ ಮನೆಯ ವೈಫೈನಲ್ಲೇ ಇದ್ದು, ಬ್ರೌಸರ್‌ನಲ್ಲಿ ‘ನನ್ನ ಐಪಿ ಯಾವುದು’ ಎಂದು ಹುಡುಕಿ. ಅಲ್ಲಿ ಬೇರೆಯೇ ಸಂಖ್ಯೆ ಬರುತ್ತದೆ. ಎರಡೂ ಒಂದೇ ಆಗಿದ್ದರೆ ನಿಮ್ಮ ರೂಟರ್ ನೇರವಾಗಿ ಇಂಟರ್ನೆಟ್‌ಗೆ ಮುಖ ಮಾಡಿ ನಿಂತಿದೆ ಎಂದರ್ಥ. ಬೇರೆ ಬೇರೆಯಾಗಿದ್ದರೆ ನಿಮಗೂ ಇಂಟರ್ನೆಟ್‌ಗೂ ನಡುವೆ ಇನ್ನೊಂದು ವಿಳಾಸ ಬದಲಿಸುವ ಯಂತ್ರ ಇದೆ; ಅದು ಕಂಪನಿಯ ಕೈಯಲ್ಲಿದೆ.

ಇದಕ್ಕೆ ಸಿಜಿ-ನ್ಯಾಟ್ ಎನ್ನುತ್ತಾರೆ. ಹಳೆಯ ಬಗೆಯ ಐಪಿ ವಿಳಾಸಗಳು, ಅಂದರೆ ಐಪಿವಿ4, ಇರುವುದೇ ಸುಮಾರು 430 ಕೋಟಿ. ಜಗತ್ತಿಗೆಲ್ಲ ಅವನ್ನು ಹಂಚುವ ಕೇಂದ್ರ ಸಂಗ್ರಹದಲ್ಲಿದ್ದ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲೇ ಖಾಲಿಯಾದವು. ಗ್ರಾಹಕರು ಮಾತ್ರ ಹೆಚ್ಚುತ್ತಲೇ ಹೋದರು. ಆಗ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚತೊಡಗಿದವು. ಅದಕ್ಕೆಂದೇ 2012ರಲ್ಲಿ 100.64.0.0ರಿಂದ 100.127.255.255ರವರೆಗಿನ ಸಂಖ್ಯೆಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟರು. ನಿಮ್ಮ 100.81 ಸರಿಯಾಗಿ ಅದರ ನಡುವೆ ಬೀಳುತ್ತದೆ. ಹೊರಗಿನಿಂದ ನೀವು ತಟ್ಟಿದ ಕರೆ ಕಂಪನಿಯ ಯಂತ್ರದವರೆಗೆ ಬರುತ್ತದೆ. ಇದು ಯಾವ ಮನೆಗೆ ಹೋಗಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ, ಸುಮ್ಮನೆ ಕೆಳಗೆ ಹಾಕುತ್ತದೆ. ನಿಮ್ಮ ರೂಟರ್‌ನಲ್ಲಿ ಪೋರ್ಟ್ ಎಷ್ಟೇ ಸರಿಯಾಗಿ ತೆರೆದಿದ್ದರೂ ಕರೆ ಅಲ್ಲಿಯವರೆಗೆ ತಲುಪುವುದೇ ಇಲ್ಲ.

‘ಟೈಮ್ಡ್ ಔಟ್’ ಅಂದದ್ದು ಕೂಡ ಇದನ್ನೇ ಹೇಳುತ್ತದೆ. ದೋಷದ ಸಂದೇಶವನ್ನು ಅಕ್ಷರ ಬಿಡದೆ ಓದುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ‘ಟೈಮ್ಡ್ ಔಟ್’ ಅಂದರೆ ಕರೆಗೆ ಯಾರೂ ಓಗೊಡಲಿಲ್ಲ; ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ, ಇಲ್ಲವೇ ಯಾವುದೋ ಫೈರ್‌ವಾಲ್ ನುಂಗಿದೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ತಕ್ಷಣ ಬಂದರೆ ಸಾಮಾನ್ಯವಾಗಿ ಕರೆ ಯಾವುದೋ ಯಂತ್ರವನ್ನು ಮುಟ್ಟಿದೆ, ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರು ಇಲ್ಲ; ಪೋರ್ಟ್ ಸಂಖ್ಯೆ ತಪ್ಪಿರಬಹುದು, ನ್ಯಾಸ್‌ನ ಆ ಸೇವೆ ನಿಂತಿರಬಹುದು. ಹೆಸರೇ ಸಿಗಲಿಲ್ಲ ಎಂದು ಬಂದರೆ ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕಡೆ ನೋಡಿ. ಸರ್ಟಿಫಿಕೇಟ್ (ತಾಣದ ಗುರುತುಪತ್ರ) ಬಗ್ಗೆ ಎಚ್ಚರಿಕೆ ಬಂದರೆ ಯಾವುದೋ ಒಂದು ಯಂತ್ರ ಉತ್ತರ ಕೊಟ್ಟಿದೆ, ಅದು ನಿಮ್ಮದೇ ನ್ಯಾಸ್ ಹೌದೇ ಎಂದು ನೋಡಬೇಕು. ನ್ಯಾಸ್‌ನ ಲಾಗಿನ್ ಪುಟ ಬಂದು ಪಾಸ್‌ವರ್ಡ್ ತಪ್ಪು ಎನ್ನುತ್ತಿದ್ದರೆ ನೆಟ್‌ವರ್ಕ್ ತಂಟೆಗೇ ಹೋಗಬೇಡಿ, ದಾರಿ ಸರಿಯಾಗಿದೆ.

ಮುಂದೇನು? ಕಂಪನಿಗೆ ಫೋನ್ ಮಾಡಿ ‘ನನಗೆ ಸಾರ್ವಜನಿಕ ಐಪಿ ಬೇಕು’ ಎಂದು ಕೇಳಬಹುದು. ಕೆಲವರು ಕೇಳಿದ ತಕ್ಷಣ ಕೊಡುತ್ತಾರೆ, ಕೆಲವರು ಪ್ರತ್ಯೇಕ ಹಣ ಕೇಳುತ್ತಾರೆ, ಕೆಲವರು ಕೊಡುವುದೇ ಇಲ್ಲ. ಕಂಪನಿ ಹೊಸ ಬಗೆಯ ಐಪಿ ವಿಳಾಸ, ಅಂದರೆ ಐಪಿವಿ6, ಕೊಡುತ್ತಿದ್ದರೆ ನ್ಯಾಸ್‌ಗೆ ಅದರದ್ದೇ ಆದ ಸಾರ್ವಜನಿಕ ವಿಳಾಸ ಸಿಗುತ್ತದೆ, ಆದರೆ ನೀವು ಹೋದ ಕಡೆಯಲ್ಲೂ ಐಪಿವಿ6 ಇರಬೇಕು. ಇದ್ದರೂ ಅದನ್ನು ನಂಬಿ ನ್ಯಾಸ್‌ನ ಪುಟವನ್ನು ನೇರವಾಗಿ ಹೊರಗೆ ತೆರೆದಿಡುವುದು ನನಗೆ ಒಪ್ಪಿಗೆಯಿಲ್ಲ. ಯಾಕೆ ಎನ್ನುವುದು ಕೆಳಗೆ ಇನ್ನೊಂದು ಪತ್ರದಲ್ಲಿ ಬರುತ್ತದೆ.

ನಿಮಗೆ ನಾನು ಹೇಳುವುದು ಒಳಗಿನಿಂದ ಹೊರಕ್ಕೆ ಸಂಪರ್ಕ ಹಿಡಿಯುವ ವ್ಯವಸ್ಥೆ. ಸಿಜಿ-ನ್ಯಾಟ್ ತಡೆಯುವುದು ಹೊರಗಿನಿಂದ ತಾನಾಗಿ ಬರುವ ಕರೆಯನ್ನು ಮಾತ್ರ; ಒಳಗಿನಿಂದ ಹೊರಟದ್ದಕ್ಕೆ ಬರುವ ಉತ್ತರವನ್ನು ಬಿಡಲೇಬೇಕು, ಇಲ್ಲದಿದ್ದರೆ ನೀವು ಒಂದು ವೆಬ್ ಪುಟವನ್ನೂ ನೋಡುವಂತಿಲ್ಲ. ಟೈಲ್‌ಸ್ಕೇಲ್‌ನಂಥ ಸೇವೆಗಳು ಈ ಗುಣವನ್ನೇ ಬಳಸುತ್ತವೆ. ನ್ಯಾಸ್‌ನಲ್ಲಿ ಒಂದು, ಫೋನ್‌ನಲ್ಲಿ ಒಂದು ಆ್ಯಪ್ ಹಾಕಿ ಒಂದೇ ಖಾತೆಯಲ್ಲಿ ಲಾಗಿನ್ ಆದರೆ ಎರಡೂ ಹೊರಗಿನ ಒಂದು ಸರ್ವರ್ ಮೂಲಕ ಪರಸ್ಪರ ವಿಳಾಸ ತಿಳಿದುಕೊಂಡು, ಸಾಧ್ಯವಾದರೆ ನೇರವಾಗಿ, ಆಗದಿದ್ದರೆ ನಡುವಿನ ಸರ್ವರ್ ಮೂಲಕ ಮಾತಾಡುತ್ತವೆ. ನಡುವಿನ ಸರ್ವರ್‌ಗೆ ಕಾಣುವುದು ಗೂಢಲಿಪಿ ಮಾತ್ರ. ನಿಮ್ಮ ರೂಟರ್‌ನಲ್ಲಿ ಒಂದು ಪೋರ್ಟ್ ಕೂಡ ತೆರೆಯಬೇಕಾಗಿಲ್ಲ. ಹಳೆಯ ಫಾರ್ವರ್ಡಿಂಗ್ ಸಾಲುಗಳನ್ನು ಅಳಿಸಿಬಿಡಿ, ಇನ್ನು ಅವುಗಳಿಂದ ಉಪಯೋಗವಿಲ್ಲ. ಒಂದು ವಿಷಯ ನೆನಪಿರಲಿ. ಟೈಲ್‌ಸ್ಕೇಲ್ ತನ್ನ ಉಪಕರಣಗಳಿಗೆ ಕೊಡುವ ವಿಳಾಸವೂ ಅದೇ 100ರ ಗುಂಪಿನದ್ದು. ಆ್ಯಪ್‌ನಲ್ಲಿ ಅದನ್ನು ನೋಡಿ ಮತ್ತೆ ಸಿಜಿ-ನ್ಯಾಟ್ ಎಂದು ಗಾಬರಿಯಾಗಬೇಡಿ.

ಇದೇ ಲಕ್ಷಣ ಇರುವ ಇತರರಿಗೆ ಒಂದು ಮಾತು. ವ್ಯಾನ್ ಐಪಿ 192.168, 10 ಅಥವಾ 172.16ರಿಂದ 172.31ರ ಒಳಗಿನ ಸಂಖ್ಯೆಯಿಂದ ಶುರುವಾದರೆ, ಬಹುಶಃ ಎರಡು ರೂಟರ್‌ಗಳೂ ನಿಮ್ಮ ಮನೆಯಲ್ಲೇ ಇವೆ: ಫೈಬರ್ ಬಂದು ಸೇರುವ ಕಂಪನಿಯ ಪೆಟ್ಟಿಗೆ ಒಂದು, ನೀವು ಕೊಂಡು ತಂದದ್ದು ಇನ್ನೊಂದು. ಎರಡೂ ವಿಳಾಸ ಬದಲಿಸುತ್ತಿವೆ. ಕಂಪನಿಯ ಪೆಟ್ಟಿಗೆಯನ್ನು ‘ಬ್ರಿಜ್ ಮೋಡ್’ಗೆ ಹಾಕಿಸಿ ಅಥವಾ ನಿಮ್ಮ ರೂಟರ್ ಅನ್ನು ‘ಆ್ಯಕ್ಸೆಸ್ ಪಾಯಿಂಟ್’ ಮಾಡಿ, ಒಂದು ಮಾತ್ರ ರೂಟರ್ ಕೆಲಸ ಮಾಡಲಿ. ಕೆಲವು ಕಂಪನಿಗಳು 10ರ ವಿಳಾಸವನ್ನೇ ಗ್ರಾಹಕರಿಗೆ ಕೊಡುವುದೂ ಉಂಟು. ಮನೆಯಲ್ಲಿ ಒಂದೇ ಪೆಟ್ಟಿಗೆ ಇದ್ದು 10 ಕಂಡರೆ ಅದೂ ಸಿಜಿ-ನ್ಯಾಟ್ ಬಗೆಯದ್ದೇ.

ಪ್ರಶ್ನೆ: ನನ್ನದು ತಿರುಗುಮುರುಗು. ಆಫೀಸಿನಿಂದ ಡಿಡಿಎನ್‌ಎಸ್ ಹೆಸರು (ಆಗಾಗ ಬದಲಾಗುವ ಮನೆಯ ವಿಳಾಸಕ್ಕೆ ಕೊಟ್ಟ ಖಾಯಂ ಹೆಸರು) ಹಾಕಿದರೆ ನ್ಯಾಸ್ ತೆರೆಯುತ್ತದೆ. ಮನೆಯ ವೈಫೈನಲ್ಲಿ ಅದೇ ಹೆಸರು ಹಾಕಿದರೆ ತೆರೆಯುವುದಿಲ್ಲ.

ಹೆಸರು ನಿಮ್ಮ ಮನೆಯ ಸಾರ್ವಜನಿಕ ವಿಳಾಸವನ್ನು ತೋರಿಸುತ್ತದೆ. ಒಳಗಿನಿಂದ ಹೊರಟ ಕರೆ ರೂಟರ್‌ನ ಹೊರಮುಖಕ್ಕೆ ಹೋಗಿ ಅಲ್ಲಿಂದಲೇ ಒಳಕ್ಕೆ ಮರಳಬೇಕು. ಹಲವು ರೂಟರ್‌ಗಳಿಗೆ ಹಾಗೆ ತಿರುಗಿಸಿ ಕಳಿಸಲು ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ನ್ಯಾಟ್ ಲೂಪ್‌ಬ್ಯಾಕ್’ ಅಥವಾ ‘ಹೇರ್‌ಪಿನ್’ ಎಂದಿದ್ದರೆ ಆನ್ ಮಾಡಿ. ಇಲ್ಲದಿದ್ದರೆ ಮನೆಯಲ್ಲಿ ಒಳವಿಳಾಸ ಬಳಸಿ, ಕೆಟ್ಟದ್ದೇನೂ ಆಗಿಲ್ಲ.

ನಿಮ್ಮ ಪತ್ರ ಆರಿಸಿದ್ದಕ್ಕೆ ಕಾರಣ ಬೇರೆ ಇದೆ. ಎಷ್ಟೋ ಜನ ‘ಹೊರಗಿನಿಂದ ಸಿಗುತ್ತಿಲ್ಲ’ ಎಂದು ಬರೆಯುತ್ತಾರೆ, ಆದರೆ ಪರೀಕ್ಷೆ ಮಾಡಿದ್ದು ಮನೆಯ ಸೋಫಾದ ಮೇಲೆ, ಮನೆಯ ವೈಫೈನಲ್ಲಿ. ಹಾಗೆ ಮಾಡಿದರೆ ಚೆನ್ನಾಗಿರುವುದೂ ಕೆಟ್ಟಂತೆ ಕಾಣುತ್ತದೆ. ಫೋನ್‌ನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಆಮೇಲಷ್ಟೇ ಸೆಟ್ಟಿಂಗ್ಸ್ ಮುಟ್ಟಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗ ದೂರದಲ್ಲಿದ್ದಾನೆ, ಅವನಿಗೂ ಫೋಟೊಗಳು ಸಿಗಲಿ ಎಂದು ನ್ಯಾಸ್ ಹಾಕಿಸಿದೆ. ಏನು ಮಾಡಿದರೂ ಹೊರಗಿನಿಂದ ಸಿಗಲಿಲ್ಲ. ಪರಿಚಯದವರೊಬ್ಬರು ಫೋನಿನಲ್ಲೇ ಹೇಳಿಕೊಟ್ಟಂತೆ ರೂಟರ್‌ನ ‘ಡಿಎಂಜೆಡ್’ ಪುಟದಲ್ಲಿ ನ್ಯಾಸ್‌ನ ವಿಳಾಸ ಹಾಕಿದೆ. ತಕ್ಷಣ ಸರಿಹೋಯಿತು. ಆದರೆ ಆವತ್ತಿನಿಂದ ‘ಲಾಗಿನ್ ವಿಫಲ’ ಎಂಬ ಇಮೇಲ್‌ಗಳು ಸಾಲುಸಾಲಾಗಿ ಬರುತ್ತಿವೆ, ಎಲ್ಲದರಲ್ಲೂ ‘ಅಡ್ಮಿನ್’ ಎಂಬ ಹೆಸರು. ನನ್ನ ಯಜಮಾನರು ಓದಿ ರೆಕಾರ್ಡ್ ಮಾಡಿದ ಕಥೆಗಳೂ ಅದರಲ್ಲೇ ಇವೆ, ಈಗ ಅವರಿಲ್ಲ. ಹೆದರಬೇಕೆ?

ಮೇಡಂ, ನಿಮ್ಮ ಪತ್ರ ಓದಿದ ದಿನವೇ ಸಂಪಾದಕರ ಮೂಲಕ ನಿಮಗೆ ಫೋನ್ ಮಾಡಿಸಿ ಆ ಡಿಎಂಜೆಡ್ ತೆಗೆಸಿದೆ. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ಸಂಗತಿ ಅದಾಗಿರಲಿಲ್ಲ. ಇದೇ ಸಲಹೆ ಕೇಳಿ ಇದೇ ರೀತಿ ಮಾಡಿಕೊಂಡ ಬೇರೆಯವರಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಪೋರ್ಟ್ ಫಾರ್ವರ್ಡಿಂಗ್ ಅಂದರೆ ಒಂದು ಬಾಗಿಲು ತೆರೆದಂತೆ. ಡಿಎಂಜೆಡ್ ಅಂದರೆ ಇದ್ದ ಬಾಗಿಲುಗಳನ್ನೆಲ್ಲ ಕಳಚಿ ಇಟ್ಟಂತೆ. ರೂಟರ್‌ಗೆ ಹೊರಗಿನಿಂದ ಬಂದ, ಬೇರೆ ಯಾರಿಗೂ ಸೇರದ ಪ್ರತಿ ಕರೆಯೂ ನ್ಯಾಸ್‌ಗೆ ಹೋಗುತ್ತದೆ. ಅದಕ್ಕೇ ತಕ್ಷಣ ಕೆಲಸ ಮಾಡಿತು, ಅದಕ್ಕೇ ಆ ಇಮೇಲ್‌ಗಳೂ ಬಂದವು. ಆ ಲಾಗಿನ್ ಪ್ರಯತ್ನಗಳ ಹಿಂದೆ ನಿಮ್ಮನ್ನು ಗುರಿಯಾಗಿಸಿಕೊಂಡ ವ್ಯಕ್ತಿ ಯಾರೂ ಇರಲಿಕ್ಕಿಲ್ಲ. ಇಡೀ ಇಂಟರ್ನೆಟ್‌ನ ವಿಳಾಸಗಳನ್ನು ಹಗಲೂ ರಾತ್ರಿ ಒಂದೊಂದಾಗಿ ತಟ್ಟಿ ನೋಡುವ ಪ್ರೋಗ್ರಾಂಗಳಿವೆ. ತೆರೆದ ಪೋರ್ಟ್ ಕಂಡರೆ ‘ಅಡ್ಮಿನ್’ ಹೆಸರಿಗೆ ಸುಲಭದ ಪಾಸ್‌ವರ್ಡ್‌ಗಳನ್ನು ಹಾಕುತ್ತ ಹೋಗುತ್ತವೆ. ಪೋರ್ಟ್ ಸಂಖ್ಯೆ 5000 ಬದಲು 48213 ಮಾಡಿದರೆ ಸಾಕು ಎನ್ನುವವರಿದ್ದಾರೆ. ತಟ್ಟುವುದು ಸ್ವಲ್ಪ ಕಡಿಮೆಯಾದೀತು, ರಕ್ಷಣೆ ಸಿಗುವುದಿಲ್ಲ.

ಪಾಸ್‌ವರ್ಡ್ ಗಟ್ಟಿಯಿದ್ದರೆ ಸಾಲದೆ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ನ್ಯಾಸ್‌ನ ತಂತ್ರಾಂಶದಲ್ಲೇ ದೋಷವಿದ್ದರೆ ಪಾಸ್‌ವರ್ಡ್ ಕೇಳುವ ಹಂತವೇ ಬರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ ‘ಕ್ಯೂಲಾಕರ್’ ಬಡಿಯಿತು. ಜನರ ಫೈಲುಗಳನ್ನೆಲ್ಲ ಪಾಸ್‌ವರ್ಡ್ ಹಾಕಿದ 7ಜಿಪ್ ಕಟ್ಟುಗಳಲ್ಲಿ ಮುಚ್ಚಿ ಹಣ ಕೇಳಿತು. ಅದೇ ವರ್ಷ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ‘ಮೈ ಬುಕ್ ಲೈವ್’ ಇಟ್ಟುಕೊಂಡಿದ್ದವರು ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಖಾಲಿ. ಹೊರಗಿನಿಂದ ಯಾರೋ ಫ್ಯಾಕ್ಟರಿ ರಿಸೆಟ್ ಆಜ್ಞೆ ಕೊಟ್ಟಿದ್ದರು. ಆ ಮಾದರಿಗೆ 2015ರ ನಂತರ ಅಪ್‌ಡೇಟ್‌ಗಳೇ ಬಂದಿರಲಿಲ್ಲ. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಬಂತು. ಲಾಗಿನ್ ಪುಟದ ಜಾಗದಲ್ಲೇ 0.03 ಬಿಟ್‌ಕಾಯಿನ್ ಕೊಡಿ ಎನ್ನುವ ಸೂಚನೆ. ಆಗ ಕ್ಯೂನ್ಯಾಪ್ ತನ್ನ ಗ್ರಾಹಕರಿಗೆ ಕೊಟ್ಟ ಸಲಹೆಗಳಲ್ಲಿ ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ ನಿಲ್ಲಿಸಿ, ನ್ಯಾಸ್‌ನ ಯುಪಿಎನ್‌ಪಿ (ತಾನಾಗಿ ಪೋರ್ಟ್ ತೆರೆಸುವ ವ್ಯವಸ್ಥೆ) ನಿಲ್ಲಿಸಿ ಎನ್ನುವುದು ಮುಖ್ಯವಾಗಿತ್ತು. ಈ ಬೆಲೆ ತೆತ್ತವರಲ್ಲಿ ನಿಮ್ಮಂತೆಯೇ ಮಕ್ಕಳಿಗೆ ಫೋಟೊ ಕಾಣಲಿ ಎಂದು ಪೋರ್ಟ್ ತೆರೆದವರು ಇದ್ದರು. ಆದ್ದರಿಂದ ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಕ್ಷಮಿಸಿ.

445 ಎನ್ನುವ ಪೋರ್ಟ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮನೆಯೊಳಗೆ ವಿಂಡೋಸ್‌ನಲ್ಲಿ ನ್ಯಾಸ್‌ನ ಫೋಲ್ಡರ್ ತೆರೆಯುವಾಗ ಬಳಕೆಯಾಗುವುದು ಇದೇ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಹರಡಿದ್ದು ವಿಂಡೋಸ್‌ನಲ್ಲಿ ಈ ಪೋರ್ಟ್ ಮೇಲೆ ನಡೆಯುವ ಸೇವೆಯ ದೋಷದಿಂದ. ಮೈಕ್ರೊಸಾಫ್ಟ್ ಆ ದೋಷಕ್ಕೆ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಯಾವ ಕಾರಣಕ್ಕೂ ಇದನ್ನು ಹೊರಗೆ ತೆರೆಯಬಾರದು.

ಈಗ ಮಾಡಬೇಕಾದ್ದು. ನ್ಯಾಸ್‌ನಲ್ಲಿ ಬಳಕೆದಾರರ ಪಟ್ಟಿ ತೆಗೆದು ನಿಮಗೆ ಗುರುತಿಲ್ಲದ ಹೆಸರು ಇದೆಯೇ ನೋಡಿ. ನಿಮ್ಮ ಹೆಸರಿನಲ್ಲೊಂದು ಹೊಸ ಆಡಳಿತ ಖಾತೆ ಮಾಡಿಕೊಂಡು ‘ಅಡ್ಮಿನ್’ ಖಾತೆಯನ್ನು ನಿಷ್ಕ್ರಿಯಗೊಳಿಸಿ. ಲಾಗ್‌ನಲ್ಲಿ ‘ಲಾಗಿನ್ ಯಶಸ್ವಿ’ ಎಂಬ ಸಾಲುಗಳನ್ನು ಓದಿ, ವಿಫಲವಾದವುಗಳಿಗಿಂತ ಅವು ಮುಖ್ಯ. ನಿಮ್ಮ ಲಾಗ್‌ನಲ್ಲಿ ಮನೆಯ ವಿಳಾಸಗಳೂ ಮಗನ ಫೋನೂ ಬಿಟ್ಟು ಬೇರೇನೂ ಇಲ್ಲ ಎಂದು ನೀವೇ ಫೋನಿನಲ್ಲಿ ಓದಿ ಹೇಳಿದಿರಿ, ನನಗೂ ಸಮಾಧಾನವಾಯಿತು. ಅಪ್‌ಡೇಟ್ ಹಾಕಿ, ಎರಡು ಹಂತದ ಲಾಗಿನ್ ಆನ್ ಮಾಡಿ, ರೂಟರ್‌ನಲ್ಲೂ ನ್ಯಾಸ್‌ನಲ್ಲೂ ಯುಪಿಎನ್‌ಪಿ ಆಫ್ ಮಾಡಿ. ಅದು ಆನ್ ಇದ್ದರೆ ಒಳಗಿನ ಉಪಕರಣಗಳು ನಿಮ್ಮನ್ನು ಕೇಳದೆ ತಾವೇ ಪೋರ್ಟ್ ತೆರೆದುಕೊಳ್ಳಬಲ್ಲವು.

ಮಗನಿಗೆ ಫೋಟೊ ಸಿಗಲು ವಿಪಿಎನ್, ಅಂದರೆ ಹೊರಗಿನ ಫೋನನ್ನು ಗೂಢಲಿಪಿಯಲ್ಲಿ ಮನೆಯ ನೆಟ್‌ವರ್ಕ್‌ಗೆ ಸೇರಿಸುವ ದಾರಿ, ಸಾಕು. ನಿಮ್ಮ ರೂಟರ್‌ನ ವ್ಯಾನ್ ಐಪಿ ಸಾರ್ವಜನಿಕವೇ ಆಗಿರುವುದರಿಂದ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಬಹುದು. ಅದಕ್ಕೆ ಒಂದೇ ಒಂದು ಯುಡಿಪಿ ಪೋರ್ಟ್, ಸಾಮಾನ್ಯವಾಗಿ 51820, ತೆರೆದರೆ ಆಯಿತು. ಸರಿಯಾದ ಕೀ ಇಲ್ಲದವರು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ತಟ್ಟುವ ಪ್ರೋಗ್ರಾಂಗಳಿಗೆ ಅಲ್ಲಿ ಏನೋ ಇದೆ ಎಂದೇ ತಿಳಿಯುವುದಿಲ್ಲ. ಮಗನ ಫೋನ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸೆಟ್ಟಿಂಗ್ಸ್ ತಾನಾಗಿ ಬರುತ್ತದೆ.

ಯಜಮಾನರ ಧ್ವನಿ ಇರುವ ಆ ಫೋಲ್ಡರ್ ಅನ್ನು ಇವತ್ತೇ ಒಂದು ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ, ಡಿಸ್ಕ್‌ನ ತಂತಿ ಕಿತ್ತು ಬೀರುವಿನಲ್ಲಿಡಿ. ಇನ್ನೊಂದು ನಕಲು ಮಗನ ಮನೆಯಲ್ಲಿರಲಿ. ನ್ಯಾಸ್‌ನಲ್ಲಿ ಎರಡು ಡಿಸ್ಕ್ ಇವೆ, ಒಂದರದ್ದೇ ಪ್ರತಿ ಇನ್ನೊಂದರಲ್ಲಿದೆ ಎಂದು ಬರೆದಿದ್ದೀರಿ. ಅದು ಒಂದು ಡಿಸ್ಕ್ ಕೆಟ್ಟರೆ ಕಾಪಾಡುತ್ತದೆ. ಫೈಲ್ ಅಳಿಸಿಹೋದರೆ ಅದೇ ಕ್ಷಣ ಎರಡರಲ್ಲೂ ಅಳಿಸಿಹೋಗುತ್ತದೆ.

ಪ್ರಶ್ನೆ: ವೈರ್‌ಗಾರ್ಡ್ ಹಾಕಿದ್ದೇನೆ. ಮೊಬೈಲ್ ಡೇಟಾದಲ್ಲಿ ಸರಿಯಾಗಿದೆ. ತಂಗಿಯ ಮನೆಯ ವೈಫೈನಲ್ಲಿ ಮಾತ್ರ, ಕನೆಕ್ಟ್ ಆಗಿದೆ ಎಂದು ತೋರಿಸಿದರೂ ನ್ಯಾಸ್ ಸಿಗುವುದಿಲ್ಲ.

ನಿಮ್ಮ ಮನೆಯಲ್ಲಿ ನ್ಯಾಸ್ 192.168.1.20 ಎಂದು ಬರೆದಿದ್ದೀರಿ. ತಂಗಿಯ ಮನೆಯಲ್ಲಿ ನಿಮ್ಮ ಫೋನ್‌ಗೆ ಸಿಕ್ಕಿದ ವಿಳಾಸ ನೋಡಿ, ಅದೂ 192.168.1 ಎಂದೇ ಶುರುವಾಗುತ್ತಿರಬೇಕು. ಬಹಳ ರೂಟರ್‌ಗಳು ಕಾರ್ಖಾನೆಯಿಂದ ಬರುವಾಗಲೇ 192.168.0 ಅಥವಾ 192.168.1 ಇಟ್ಟುಕೊಂಡು ಬರುತ್ತವೆ. 192.168.1.20 ಕೇಳಿದಾಗ ಅದು ಇದೇ ಮನೆಯಲ್ಲಿರುವ ಉಪಕರಣ ಎಂದು ತಿಳಿದು ಫೋನ್ ಇಲ್ಲೇ ಹುಡುಕುತ್ತದೆ, ವಿಪಿಎನ್ ದಾರಿಗೆ ಕಳಿಸುವುದೇ ಇಲ್ಲ. ನಿಮ್ಮ ಮನೆಯ ರೂಟರ್‌ನಲ್ಲಿ ವಿಳಾಸದ ಗುಂಪನ್ನು 192.168.73ರಂಥ, ಯಾರೂ ಸಾಮಾನ್ಯವಾಗಿ ಬಳಸದ ಸಂಖ್ಯೆಗೆ ಬದಲಿಸಿ. ಆಮೇಲೆ ರೂಟರ್ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ನ್ಯಾಸ್‌ಗೆ ಒಂದು ವಿಳಾಸ ಕಾಯ್ದಿರಿಸಿ, ವೈರ್‌ಗಾರ್ಡ್‌ನ ‘ಅಲೌಡ್ ಐಪೀಸ್’ ಸಾಲಿನಲ್ಲೂ ಹೊಸ ಗುಂಪು ಹಾಕಿ. ಈ ಕೊನೆಯದನ್ನು ಮರೆತು ಮತ್ತೆ ಪತ್ರ ಬರೆದವರಿದ್ದಾರೆ.

ಇದಕ್ಕೆ ಹತ್ತಿರದ ಇನ್ನೊಂದು ಕಾಟ ಹೇಳಿಬಿಡುತ್ತೇನೆ. ವಿಪಿಎನ್‌ನಲ್ಲಿ ಫೋಲ್ಡರ್ ಪಟ್ಟಿ ಬರುತ್ತದೆ, ಸಣ್ಣ ಫೈಲ್ ತೆರೆಯುತ್ತದೆ, ದೊಡ್ಡ ಫೈಲ್ ಮಾತ್ರ ಶುರುವಾಗಿ ಅಲ್ಲೇ ನಿಲ್ಲುತ್ತದೆ ಎಂದಾದರೆ ಪ್ಯಾಕೆಟ್‌ನ (ಒಮ್ಮೆಗೆ ಕಳಿಸುವ ಡೇಟಾ ತುಂಡಿನ) ಗಾತ್ರ ದಾರಿಗಿಂತ ದೊಡ್ಡದಾಗಿದೆ. ವೈರ್‌ಗಾರ್ಡ್ ಸಾಮಾನ್ಯವಾಗಿ ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 1420 ಇಟ್ಟುಕೊಳ್ಳುತ್ತದೆ. ಅದನ್ನು 1280ಕ್ಕೆ ಇಳಿಸಿ ನೋಡಿ. ಸರಿಹೋದರೆ ಅಲ್ಲಿಂದ ಸ್ವಲ್ಪ ಸ್ವಲ್ಪವೇ ಏರಿಸಬಹುದು, ಹಾಗೇ ಬಿಟ್ಟರೂ ನಷ್ಟವಿಲ್ಲ.

ಪ್ರಶ್ನೆ: ರೂಟರ್ ಬದಲಿಸಿದ ಮೇಲೆ ಹೊರಗಿನಿಂದ ಯಾವ ವಿಧಾನದಲ್ಲೂ ನ್ಯಾಸ್ ಸಿಗುತ್ತಿಲ್ಲ. ಒಳಗೆ ಬರುತ್ತದೆ. ಅದರ ಗಡಿಯಾರ ಕೆಲವು ನಿಮಿಷ ಹಿಂದಿದೆ, ಎಚ್ಚರಿಕೆಯ ಇಮೇಲ್‌ಗಳೂ ನಿಂತಿವೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅನಿಸುತ್ತದೆ.

ಸಂಬಂಧ ಇದೆ, ಮತ್ತು ಆ ಕೊನೆಯ ವಾಕ್ಯ ನೀವು ಬರೆದದ್ದಕ್ಕೆ ತುಂಬಾ ಸಂತೋಷ. ಗಡಿಯಾರ ಹಿಂದೆ ಬಿದ್ದದ್ದು, ಇಮೇಲ್ ಹೋಗದ್ದು, ಹೊರಗಿನಿಂದ ಸಿಗದ್ದು ಮೂರೂ ಒಂದೇ ಮಾತು ಹೇಳುತ್ತಿವೆ: ನ್ಯಾಸ್‌ಗೆ ಇಂಟರ್ನೆಟ್ ಇಲ್ಲ. ಯಾವತ್ತೋ ಅದರ ವಿಳಾಸವನ್ನು ಕೈಯಾರೆ ತುಂಬಿರುತ್ತೀರಿ, ಅದರ ಜೊತೆಗೆ ‘ಗೇಟ್‌ವೇ’ (ಹೊರಗೆ ಹೋಗುವ ದಾರಿ) ಜಾಗದಲ್ಲಿ ಹಳೆಯ ರೂಟರ್‌ನ ವಿಳಾಸವೂ ಉಳಿದಿದೆ. ಹಳೆಯದು 192.168.0.1 ಇದ್ದು ಹೊಸದು 192.168.0.254 ಆಗಿದ್ದರೆ ಮನೆಯೊಳಗೆ ಯಾರಿಗೂ ವ್ಯತ್ಯಾಸ ಗೊತ್ತಾಗದು, ಒಂದೇ ಗುಂಪಿನೊಳಗೆ ಮಾತಾಡಲು ಗೇಟ್‌ವೇ ಬೇಕಿಲ್ಲ. ಹೊರಗಿನಿಂದ ಬಂದ ಕರೆಗೆ ಮಾತ್ರ ನ್ಯಾಸ್ ಉತ್ತರವನ್ನು ಇಲ್ಲದ ಗೇಟ್‌ವೇಗೆ ಕಳಿಸಿ ಕಳೆದುಕೊಳ್ಳುತ್ತದೆ. ರೂಟರ್‌ನ ಪೋರ್ಟ್ ಪುಟವನ್ನು ಎಷ್ಟು ಸಲ ತಿದ್ದಿದರೂ ಇದು ಸಿಗುವುದಿಲ್ಲ. ನ್ಯಾಸ್‌ನ ನೆಟ್‌ವರ್ಕ್ ಪುಟದಲ್ಲಿ ‘ಆಟೊಮ್ಯಾಟಿಕ್’ ಆರಿಸಿ, ವಿಳಾಸ ಕಾಯ್ದಿರಿಸುವ ಕೆಲಸವನ್ನು ರೂಟರ್‌ಗೇ ಬಿಡಿ. ಮುಂದೆ ರೂಟರ್ ಬದಲಾದರೂ ಗೇಟ್‌ವೇ, ಡಿಎನ್‌ಎಸ್ ಎರಡೂ ತಾವಾಗಿ ಸರಿಹೋಗುತ್ತವೆ.

ಗಡಿಯಾರವನ್ನು ಲಘುವಾಗಿ ಕಾಣಬೇಡಿ. ಎರಡು ಹಂತದ ಲಾಗಿನ್‌ನ ಆರಂಕಿಯ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುವುದು ಸಮಯದ ಲೆಕ್ಕದಲ್ಲೇ. ನ್ಯಾಸ್ ಕೆಲವು ನಿಮಿಷ ಹಿಂದಿದ್ದರೆ ಸರಿಯಾದ ಕೋಡ್ ಹಾಕಿದರೂ ತಪ್ಪು ಎನ್ನುತ್ತದೆ. ಐದಾರು ಸಲ ಹಾಗಾದರೆ ನಿಮ್ಮ ಫೋನ್‌ನ ವಿಳಾಸವನ್ನೇ ತಡೆಪಟ್ಟಿಗೆ ಸೇರಿಸುವ ನ್ಯಾಸ್‌ಗಳಿವೆ. ಗೇಟ್‌ವೇ ಸರಿಮಾಡಿದ ಮೇಲೂ ಸಿಗದಿದ್ದರೆ ಒಳಗಿನಿಂದ ಲಾಗಿನ್ ಆಗಿ ಆ ಪಟ್ಟಿ ನೋಡಿ.

ಪ್ರಶ್ನೆ: ಸುಮಾರು ಮೂರು ತಿಂಗಳಿಗೊಮ್ಮೆ ಫೋನ್ ಆ್ಯಪ್ ನ್ಯಾಸ್‌ಗೆ ಸೇರಲು ಒಪ್ಪುವುದಿಲ್ಲ. ಕೈಯಾರೆ ಏನೋ ‘ರಿನ್ಯೂ’ ಒತ್ತಿದರೆ ಸರಿಯಾಗುತ್ತದೆ.

ಅದು ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್, ಬಾಳಿಕೆ 90 ದಿನ. ತಾನಾಗಿ ನವೀಕರಣವಾಗಬೇಕು. ಸಾಮಾನ್ಯ ವಿಧಾನದಲ್ಲಿ ಅವರ ಸರ್ವರ್ ನಿಮ್ಮ 80ನೇ ಪೋರ್ಟ್‌ಗೆ ಬಂದು ಪರೀಕ್ಷಿಸುತ್ತದೆ. ನೀವು ಅದನ್ನು ಮುಚ್ಚಿ, ರಿನ್ಯೂ ಮಾಡುವಾಗ ಮಾತ್ರ ತೆರೆಯುತ್ತಿದ್ದೀರಿ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಕಾರಣ ಅದೇ. ಮುಚ್ಚಿಡುವುದು ಒಳ್ಳೆಯದೇ. ಡಿಎನ್‌ಎಸ್ ದಾಖಲೆಯ ಮೂಲಕ ಪರೀಕ್ಷೆ ಮಾಡಿಸುವ ಆಯ್ಕೆ ನಿಮ್ಮ ನ್ಯಾಸ್‌ನಲ್ಲಿದ್ದರೆ ಅದನ್ನು ಬಳಸಿ, ಯಾವ ಪೋರ್ಟ್ ಕೂಡ ಬೇಡ.

ಪ್ರಶ್ನೆ: 100 ಎಂಬಿಪಿಎಸ್ ಲೈನ್ ಇದೆ. ಹೊರಗಿನಿಂದ 4 ಜಿಬಿಯ ಫೈಲ್ ಇಳಿಸಲು ಅರ್ಧ ಗಂಟೆ ಹಿಡಿಯುತ್ತದೆ. ನ್ಯಾಸ್ ಹಳೆಯದಾಯಿತೆ?

ಹೊರಗಿನಿಂದ ನೀವು ಇಳಿಸಿಕೊಳ್ಳುವುದು ಮನೆಯ ಲೈನ್‌ಗೆ ಅಪ್‌ಲೋಡ್. ಸ್ಪೀಡ್ ಟೆಸ್ಟ್‌ನ ಎರಡನೆಯ ಸಂಖ್ಯೆ ನೋಡಿ. ಅದು 20 ಇದ್ದರೆ, 8 ಬಿಟ್‌ಗೆ ಒಂದು ಬೈಟ್‌ನಂತೆ, ಸೆಕೆಂಡಿಗೆ ಹೆಚ್ಚೆಂದರೆ 2.5 ಎಂಬಿ, 4 ಜಿಬಿಗೆ ಸುಮಾರು 27 ನಿಮಿಷ. ನ್ಯಾಸ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಅಪ್‌ಲೋಡ್ ಕೂಡ 100 ಇದ್ದರೆ, ಸಂಪರ್ಕ ನಡುವಿನ ಸರ್ವರ್ ಮೂಲಕ ಹೋಗುತ್ತಿದೆಯೇ ನೋಡಿ. ಟೈಲ್‌ಸ್ಕೇಲ್‌ನಲ್ಲಿ ಅದು ‘ಡೈರೆಕ್ಟ್’ ಅಥವಾ ‘ರಿಲೇ’ ಎಂದು ಕಾಣುತ್ತದೆ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ನ್ಯಾಸ್ ಹೊರಗಿನಿಂದ ಸಿಗುವುದು ನಿಲ್ಲುತ್ತದೆ. ಮನೆಗೆ ಬಂದು ನೋಡಿದರೆ ಕೆಲವೊಮ್ಮೆ ಆಫ್ ಆಗಿರುತ್ತದೆ, ಕೆಲವೊಮ್ಮೆ ಆನ್ ಇದ್ದರೂ ಸಿಗುತ್ತಿರುವುದಿಲ್ಲ.

ಇವು ಎರಡು ಬೇರೆ ತೊಂದರೆಗಳು. ಆಫ್ ಆಗಿರುವುದಕ್ಕೆ, ನ್ಯಾಸ್‌ನ ಪವರ್ ಸೆಟ್ಟಿಂಗ್ಸ್‌ನಲ್ಲಿ ವಿದ್ಯುತ್ ಮರಳಿದಾಗ ತಾನಾಗಿ ಶುರುವಾಗಲಿ ಎನ್ನುವ ಆಯ್ಕೆ ಇರುತ್ತದೆ, ಆನ್ ಮಾಡಿ. ಆನ್ ಇದ್ದೂ ಸಿಗದಿರುವುದಕ್ಕೆ, ರೂಟರ್ ಮತ್ತೆ ಶುರುವಾದಾಗ ಕಂಪನಿ ಹೊಸ ಸಾರ್ವಜನಿಕ ವಿಳಾಸ ಕೊಟ್ಟಿರಬಹುದು, ಡಿಡಿಎನ್‌ಎಸ್ ಹೆಸರು ಇನ್ನೂ ಹಳೆಯದನ್ನೇ ತೋರಿಸುತ್ತಿರಬಹುದು. ಆ ಹೆಸರನ್ನು ಪಿಂಗ್ ಮಾಡಿ ಬರುವ ಸಂಖ್ಯೆಯನ್ನೂ ವ್ಯಾನ್ ಐಪಿಯನ್ನೂ ಹೋಲಿಸಿ. ಬೇರೆ ಇದ್ದರೆ ಡಿಡಿಎನ್‌ಎಸ್ ನವೀಕರಿಸುವ ಕೆಲಸವನ್ನು ನ್ಯಾಸ್‌ನಿಂದ ರೂಟರ್‌ಗೆ ವರ್ಗಾಯಿಸಿ, ವಿಳಾಸ ಬದಲಾದದ್ದು ಮೊದಲು ತಿಳಿಯುವುದು ಅದಕ್ಕೇ. ನ್ಯಾಸ್‌ಗೂ ರೂಟರ್‌ಗೂ ಸೇರಿಸಿ ಒಂದು ಯುಪಿಎಸ್ ಹಾಕಿ, ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ನ್ಯಾಸ್‌ಗೆ ಚುಚ್ಚಿ. ಬ್ಯಾಟರಿ ಮುಗಿಯುವ ಮುಂಚೆ ನ್ಯಾಸ್ ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕೆಡುವುದು ದೂರದ ಸಂಪರ್ಕ ಒಂದೇ ಅಲ್ಲ, ಡಿಸ್ಕ್‌ನಲ್ಲಿರುವ ಫೈಲೂ ಕೆಡಬಹುದು.